ಬೇಸಗೆಯಲ್ಲಿ ಮಲಗುವ ಗಿಡ

ಯುಗಾದಿ ಕಳೆದು ಎರಡು ವಾರಗಳಾಗಿದ್ದವು. ಬೀದಿಯ ಹೊಂಗೆ ಹೊಸ ಚಿಗುರು ತೊಟ್ಟು ನೆರಳು ಹಾಸಿತ್ತು. ಹಿತ್ತಲ ಮಾವಿನಲ್ಲಿ ಮಿಡಿ ದಪ್ಪನಾಗುತ್ತಿತ್ತು. ಮಲ್ಲಿಗೆಯ ಬಳ್ಳಿಯಂತೂ ದಿನಕ್ಕೊಂದು ಬೊಗಸೆ ಮೊಗ್ಗು ಕೊಟ್ಟರೂ ದಣಿಯುತ್ತಿರಲಿಲ್ಲ. ಲೋಕವೆಲ್ಲ ಹೀಗೆ ತಳಿರುತ್ತಿರುವಾಗ ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮನೆಯಲ್ಲಿ, ತುಳಸಿಕಟ್ಟೆಯ ಪಕ್ಕದಲ್ಲಿದ್ದ ಒಂದು ಕುಂಡದ ಗಿಡ ಮಾತ್ರ ಎಲೆ ಉದುರಿಸತೊಡಗಿತು.

ಅದು ಮಗ ಹೊರದೇಶಕ್ಕೆ ಹೊರಡುವ ಮುನ್ನ, ಮಾರ್ಗಶಿರದ ಚಳಿಯಲ್ಲಿ, ತಾಯಿಯ ಕೈಗೊಪ್ಪಿಸಿ ಹೋದ ಗಿಡ. ಆಗ ಅದಕ್ಕೆ ಮೂರು ಕವಲು. ಒಂದೊಂದು ಕವಲಿನ ತುದಿಯಲ್ಲಿಯೂ ತಿಂಡಿತಟ್ಟೆಯಗಲದ ಎಲೆಗಳ ತಾವರೆ. ಬಣ್ಣ ಕಪ್ಪೆಂದೇ ಹೇಳಬೇಕಾದಷ್ಟು ಗಾಢವಾದ ನೇರಳೆ. "ನೀರು ಜಾಸ್ತಿ ಹಾಕಬೇಡಮ್ಮ" ಎಂದಷ್ಟೇ ಅವನು ಹೇಳಿದ್ದು. ಜಾಸ್ತಿ ಎಂದರೆ ಎಷ್ಟೆಂಬುದನ್ನು ಅವನೂ ಹೇಳಲಿಲ್ಲ, ಆಕೆಯೂ ಕೇಳಲಿಲ್ಲ. ಚೈತ್ರದಲ್ಲಿ ಎಲೆಗಳು ಒಂದೊಂದಾಗಿ ಹಳದಿಗೆ ತಿರುಗಿ ಬಿದ್ದಾಗ ತಾಯಿಯ ಕರುಳು ಕೇಳೀತೆ? ಪ್ರತಿದಿನವೂ ತುಳಸಿಗೆರೆದು ತಂಬಿಗೆಯಲ್ಲಿ ಉಳಿದ ನೀರೆಲ್ಲ ಆ ಕುಂಡಕ್ಕೆ ಸಂದಿತು. ಎಲೆಗಳು ಇನ್ನಷ್ಟು ಬಿದ್ದವು. ತಂಬಿಗೆ ಇನ್ನಷ್ಟು ಬಾಗಿತು. ವೈಶಾಖದ ಹೊತ್ತಿಗೆ ಮೂರು ಬೋಳು ಕಡ್ಡಿಗಳ ತುದಿಯಲ್ಲಿ ಮುಚ್ಚಿದ ಮೊಗ್ಗಿನಂಥ ಮೂರು ಗಂಟುಗಳು ಮಾತ್ರ ಉಳಿದವು. ಭಾನುವಾರ ಮಗನು ದೂರವಾಣಿಯ ಪರದೆಯ ಮೇಲೆ ಕಾಣಿಸಿಕೊಂಡಾಗ ಆಕೆ ದಾಸವಾಳ ತೋರಿಸಿದರು, ಗುಲಾಬಿ ತೋರಿಸಿದರು, ಹೊಸದಾಗಿ ಕೊಂಡ ಸ್ಟೀಲಿನ ಕೊಳಗವನ್ನೂ ತೋರಿಸಿದರು. ಆ ಕುಂಡವಾದರೋ ಅಷ್ಟರಲ್ಲಿ ಒಗೆಯುವ ಕಲ್ಲಿನ ಹಿಂದೆ ಅಜ್ಞಾತವಾಸಕ್ಕೆ ಹೋಗಿತ್ತು.

ಇಂಥ ಮನೆಗಳು ನಗರದಲ್ಲಿ ಒಂದೆರಡಲ್ಲ. ಇಯೋನಿಯಂ ಎಂಬ ಈ ಗಿಡ ಈಚಿನ ವರ್ಷಗಳಲ್ಲಿ ಸಸ್ಯೋದ್ಯಾನದ ಅಂಗಡಿಗಳಿಂದಲೂ ಅಂಚೆಯ ರಟ್ಟಿನ ಪೆಟ್ಟಿಗೆಗಳಲ್ಲಿಯೂ ಮನೆಮನೆಗೆ ಬರುತ್ತಿದೆ. ಬರುವುದು ಬಹುಮಟ್ಟಿಗೆ ಚಳಿಗಾಲದಲ್ಲಿ, ಅದರ ಚೆಲುವು ತುಂಬಿರುವ ಕಾಲದಲ್ಲಿ. ಬೇಸಗೆ ಬಂದೊಡನೆ ಅದು ಮಲಗುತ್ತದೆಂಬ ಮಾತನ್ನು ಮಾರುವವನು ಹೇಳುವುದು ಅಪರೂಪ. ಮಲಗಿದ್ದನ್ನು ಸತ್ತಿತೆಂದು ತಿಳಿದು ಎಬ್ಬಿಸಹೊರಟವರ ಕೈಯಲ್ಲಿಯೇ ಅದು ನಿಜವಾಗಿ ಸಾಯುವುದು.

ಗಿಡದ ತವರನ್ನು ತಿಳಿದರೆ ಈ ನಿದ್ರೆಯ ಅರ್ಥವೂ ತಿಳಿಯುತ್ತದೆ. ಆಫ್ರಿಕದ ವಾಯವ್ಯ ತೀರದಾಚೆ ಅಟ್ಲಾಂಟಿಕ್ ಸಾಗರದಲ್ಲಿ, ಸ್ಪೇನ್ ದೇಶಕ್ಕೆ ಸೇರಿದ ಕ್ಯಾನರಿ ದ್ವೀಪಗಳಿವೆ. ಎಲ್ಲವೂ ಅಗ್ನಿಪರ್ವತಗಳಿಂದ ಹುಟ್ಟಿದ ನೆಲ. ಟೆನೆರಿಫೆ ದ್ವೀಪದ ನಡುವೆ ಎದ್ದಿರುವ ಟೆಯ್ಡೆ ಶಿಖರದ ಎತ್ತರ ೩,೭೦೦ ಮೀಟರುಗಳಿಗೂ ಮಿಗಿಲು. ಇಯೋನಿಯಂ ಕುಲದ ಮೂವತ್ತೈದು–ನಲವತ್ತು ಜಾತಿಗಳಲ್ಲಿ ಬಹುಪಾಲು ಈ ದ್ವೀಪಗಳವೇ. ಕೆಲವು ಮಾತ್ರ ಮದೀರಾ, ಮೊರೊಕ್ಕೊ, ಪೂರ್ವ ಆಫ್ರಿಕಗಳಲ್ಲಿ ಬೆಳೆಯುತ್ತವೆ. ಈ ಕುಲಕ್ಕೆ ವೆಬ್ ಮತ್ತು ಬರ್ತಲೋ ಎಂಬ ಇಬ್ಬರು ಸಸ್ಯವಿಜ್ಞಾನಿಗಳು ೧೮೪೦ರಲ್ಲಿ ಹೆಸರಿಟ್ಟರು. ಆ ಹೆಸರಿನ ಮೂಲದಲ್ಲಿರುವ ಗ್ರೀಕ್ ಪದಕ್ಕೆ ಚಿರಂತನವೆಂದು ಅರ್ಥ. ಒಗೆಯುವ ಕಲ್ಲಿನ ಹಿಂದಿನ ಕುಂಡವನ್ನು ಕಂಡವರಿಗೆ ಈ ಹೆಸರು ಕುಚೋದ್ಯದಂತೆ ತೋರಿದರೆ ಆಶ್ಚರ್ಯವಿಲ್ಲ.

ಅಲ್ಲಿನ ಬಂಡೆಗಳ ಬಿರುಕುಗಳಲ್ಲಿ, ಕಡಿದಾದ ಪ್ರಪಾತಗಳ ಮೈಯಲ್ಲಿ ಹಿಡಿ ಮಣ್ಣಿದ್ದರೆ ಈ ಗಿಡಕ್ಕೆ ಸಾಕು. ಟೆನೆರಿಫೆಯ ಲಾ ಲಗುನಾ ನಗರದಲ್ಲಿಯಂತೂ ಇದರ ಒಂದು ಜಾತಿ ಹಳೆಯ ಮನೆಗಳ ಹೆಂಚಿನ ಮಾಡುಗಳ ಮೇಲೆಯೇ ಬೇರೂರಿ ಹೂ ಬಿಡುತ್ತದೆ. ಹೆಂಚಿನ ಸಂದಿಯ ಧೂಳೇ ಅದರ ಹೊಲ. ನಗರದ ಗಿಡವೆಂಬ ಅರ್ಥದ 'ಅರ್ಬಿಕಂ' ಎಂಬ ಹೆಸರು ಆ ಜಾತಿಗೆ ಬಂದಿದೆ. ೧೯೯೯ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ನಗರದ ಮಾಡುಗಳ ಚಿತ್ರಗಳಲ್ಲಿ ಈ ಗಿಡವೂ ಕಾಣಿಸಿಕೊಳ್ಳುವುದುಂಟು. ಮಂಗಳೂರು ಹೆಂಚಿನ ಮೇಲೆ ಹುಲ್ಲು ಮೊಳೆತರೂ ಏಣಿ ಹಾಕಿ ಕಿತ್ತೊಗೆಯುವ ಮನೆಯವರಿಗೆ ಇದು ವಿಚಿತ್ರವೆನಿಸೀತು.

ಆದರೆ ಕುಂಡದ ಗಿಡದ ಪಾಲಿಗೆ ಮುಖ್ಯವಾದುದು ಅಲ್ಲಿನ ಮಳೆಯ ಕ್ರಮ. ಟೆನೆರಿಫೆಯ ಸಾಂತಾ ಕ್ರೂಸ್ ಪಟ್ಟಣದಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು ೨೨೫ ಮಿಲಿಮೀಟರು. ಬೆಂಗಳೂರಿನಲ್ಲಿ ಸೆಪ್ಟೆಂಬರ್ ತಿಂಗಳೊಂದರಲ್ಲಿಯೇ ಸರಾಸರಿ ೨೦೦ ಮಿಲಿಮೀಟರಿಗೆ ಮೇಲ್ಪಟ್ಟು ಮಳೆಯಾಗುತ್ತದೆ. ಅಷ್ಟೇ ಅಲ್ಲ, ಅಲ್ಲಿನ ಅಲ್ಪ ಮಳೆಯೂ ಬೀಳುವುದು ಚಳಿಗಾಲದಲ್ಲಿ. ಜೂನ್, ಜುಲೈ, ಆಗಸ್ಟ್ ತಿಂಗಳುಗಳು ಬಹುಮಟ್ಟಿಗೆ ಹನಿಯಿಲ್ಲದೆ ಕಳೆಯುತ್ತವೆ. ಹೀಗಾಗಿ ಆ ಗಿಡ ಚಳಿಗಾಲದಲ್ಲಿ ಬೆಳೆದು, ಬೇಸಗೆಯಲ್ಲಿ ಬಾಗಿಲು ಮುಚ್ಚಿ ಮಲಗುವುದನ್ನು ಕಲಿತಿದೆ. ಹೊರಸುತ್ತಿನ ಎಲೆಗಳನ್ನು ಬಲಿಗೊಟ್ಟು, ಒಳಗಿನ ಎಳೆಯ ಎಲೆಗಳನ್ನು ಒಂದರ ಮೇಲೊಂದು ಹೊದಿಸಿ, ನಡುವಿನ ಕುಡಿಯನ್ನು ಬಿಸಿಲಿನಿಂದಲೂ ಬಿಸಿಗಾಳಿಯಿಂದಲೂ ಕಾಯ್ದುಕೊಳ್ಳುತ್ತದೆ. ಎಲೆ ಉದುರುವುದು ರೋಗವಲ್ಲ, ಹಾಸಿಗೆ ಹಾಸುವ ಕೆಲಸ.

ಇಲ್ಲಿ ಕರ್ನಾಟಕದ ಮನೆಗಳ ವಿಶೇಷ ಸಂಕಟವೊಂದಿದೆ. ಯೂರೋಪಿನವರು ಬರೆದ ಪುಸ್ತಕಗಳಲ್ಲಿ ಬೇಸಗೆ ಕಳೆದೊಡನೆ ನೀರೆರೆಯಲು ಹೇಳಿರುತ್ತದೆ. ಅವರ ಬೇಸಗೆ ಆಗಸ್ಟಿಗೆ ಮುಗಿಯುತ್ತದೆ. ಇಲ್ಲಿಯ ಬೇಸಗೆ ಮೇ ತಿಂಗಳಿಗೆ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಹಗಲಿನ ಉಷ್ಣತೆ ಸರಾಸರಿ ೩೪ ಡಿಗ್ರಿಗಳಷ್ಟಿದ್ದದ್ದು ಜೂನ್ ಕಳೆದರೆ ೨೮ಕ್ಕೆ ಇಳಿಯುತ್ತದೆ. ಹವೆ ತಂಪಾಯಿತು, ಗಿಡ ಎದ್ದಿತೆಂದು ಕುಂಡವನ್ನು ಮಳೆಗೊಡ್ಡುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಸಾಂತಾ ಕ್ರೂಸಿನ ಆಗಸ್ಟ್ ತಿಂಗಳೂ ಹಗಲಿನಲ್ಲಿ ಹೆಚ್ಚುಕಡಮೆ ಅಷ್ಟೇ ಬೆಚ್ಚಗಿರುತ್ತದೆ. ಗಿಡದ ಲೆಕ್ಕದಲ್ಲಿ ಅದು ಇನ್ನೂ ನಿದ್ರೆಯ ಕಾಲವೇ. ಅಲ್ಲಿ ಆ ನಿದ್ರೆ ಒಣಗಿದ ಬಂಡೆಯ ಮೇಲೆ. ಇಲ್ಲಿ ತೊಯ್ದ ಮಣ್ಣಿನಲ್ಲಿ. ಮಲಗಿದ ಬೇರು ನೀರನ್ನು ಹೀರದು. ಹೀರದ ನೀರು ಮಣ್ಣಿನಲ್ಲಿಯೇ ನಿಂತು, ಗಾಳಿಯಾಡದೆ, ಬೆಚ್ಚನೆಯ ತೇವದಲ್ಲಿ ಬೂಷ್ಟು ಹಬ್ಬಿ, ಬೇರೂ ಕಾಂಡದ ಬುಡವೂ ಕೊಳೆಯುತ್ತವೆ. ಬಿಸಿಲಿಗೆ ಅಂಜಿ ಈ ಗಿಡ ಸಾಯುವುದಕ್ಕಿಂತ ಮಳೆಗಾಲದ ಉಪಚಾರಕ್ಕೆ ಸಿಕ್ಕಿ ಸಾಯುವುದೇ ಹೆಚ್ಚು.

ರಾತ್ರಿಯ ತಂಪೂ ಈ ಜಾತಿಯ ಗಿಡಗಳಿಗೆ ಬೇಕಾದುದೇ. ಇದರ ಬಂಧುವರ್ಗದಲ್ಲಿ ಕರ್ನಾಟಕದ ಹಿತ್ತಲುಗಳಿಗೆ ಚೆನ್ನಾಗಿ ಪರಿಚಿತವಾದ ಕಾಡುಬಸಳೆಯೂ ಒಂದು. ಎಲೆಯಂಚಿನಲ್ಲಿ ಮರಿಗಳನ್ನು ಹುಟ್ಟಿಸುವ ಆ ಗಿಡವನ್ನು ಪುಸ್ತಕದ ನಡುವೆ ಇಟ್ಟು ಚಿಗುರಿಸದ ಮಕ್ಕಳುಂಟೆ? ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯದ ವರ್ಷಗಳಲ್ಲಿ ಲಾಲ್‌ಬಾಗಿನ ಉಸ್ತುವಾರಿ ನೋಡಿದ ಬೆಂಜಮಿನ್ ಹೇನ್ ಎಂಬ ಸಸ್ಯವಿಜ್ಞಾನಿ ಆ ಕಾಡುಬಸಳೆಯ ಎಲೆಯನ್ನು ರುಚಿ ನೋಡಿದ. ಬೆಳಗ್ಗೆ ಹುಳಿ; ನಡುಹಗಲಿಗೆ ಸಪ್ಪೆ; ಸಂಜೆಗೆ ತುಸು ಕಹಿ. ೧೮೧೫ರಲ್ಲಿ ಅಚ್ಚಾದ ಅವನ ಪತ್ರದಲ್ಲಿ ಈ ಸಂಗತಿ ಇದೆ. ಹುಳಿಯ ಕಾರಣ ಬಹುಕಾಲದ ಅನಂತರ ತಿಳಿಯಿತು: ಇಂಥ ಗಿಡಗಳು ನೀರು ಆರಿಹೋಗದಿರಲೆಂದು ಹಗಲು ಎಲೆಯ ರಂಧ್ರಗಳನ್ನು ಮುಚ್ಚಿ, ರಾತ್ರಿ ತೆರೆದು, ಗಾಳಿಯಿಂದ ಪಡೆದ ಇಂಗಾಲಾಮ್ಲವನ್ನು ಹುಳಿಯ ರೂಪದಲ್ಲಿ ಕೂಡಿಡುತ್ತವೆ, ಹಗಲಿನ ಬೆಳಕಿನಲ್ಲಿ ಅದನ್ನು ಬಳಸಿ ಆಹಾರ ಮಾಡಿಕೊಳ್ಳುತ್ತವೆ. ಇಯೋನಿಯಂನ ಹಲವು ಜಾತಿಗಳಲ್ಲಿಯೂ, ಒಂದರಲ್ಲಿ ಹೆಚ್ಚು ಒಂದರಲ್ಲಿ ಕಡಮೆಯಾಗಿ, ಇದೇ ರೂಢಿಯುಂಟು. ರಾತ್ರಿಯೂ ಸೆಕೆ ಇಳಿಯದ ಊರುಗಳಲ್ಲಿ ಅದು ಸೊರಗುವುದಕ್ಕೆ ಇದೊಂದು ಕಾರಣ. ಮಂಗಳೂರಿನಲ್ಲಿಯೂ ಕಲಬುರಗಿಯಲ್ಲಿಯೂ ಇದನ್ನು ಸಾಕಹೊರಟವರಿಗೆ ಬೆಂಗಳೂರು, ಮೈಸೂರುಗಳ ಸುಲಭ ದೊರೆಯದು. ಅಂಥ ಊರಿನವರು ಬೇರೆ ಗಿಡವನ್ನು ಆರಿಸಿಕೊಂಡರೆ ಮನಸ್ಸಿಗೆ ನೆಮ್ಮದಿ.

ಹಾಗಾದರೆ ಮಾಡಬೇಕಾದುದೇನು? ಮಾಡದಿರಬೇಕಾದುದೇ ಹೆಚ್ಚೆನ್ನಬೇಕು. ಯುಗಾದಿಯ ಸುಮಾರಿಗೆ ಹೊರಗಿನ ಎಲೆಗಳು ಬಾಡತೊಡಗಿದರೆ ಕುಂಡವನ್ನು ನಡುಹಗಲಿನ ಬಿಸಿಲಿನಿಂದ ತಪ್ಪಿಸಿ, ಬೆಳಗಿನ ಎಳೆಬಿಸಿಲೂ ಗಾಳಿಯೂ ಇರುವ ಕಡೆಗೆ ಸರಿಸಬೇಕು. ಕತ್ತಲೆಯ ಕೋಣೆ ಬೇಡ. ಮಲಗಿದ್ದರೂ ಗಿಡಕ್ಕೆ ಬೆಳಕು ಬೇಕು. ಗೊಬ್ಬರ, ಕುಂಡ ಬದಲಾವಣೆ, ಕವಲು ಕತ್ತರಿಸುವುದು ಎಲ್ಲವನ್ನೂ ಮುಂದೂಡಬೇಕು. ನೀರನ್ನು ಸಂಪೂರ್ಣವಾಗಿ ನಿಲ್ಲಿಸಬೇಕೆಂದು ಕೆಲವರು ಹೇಳುವುದುಂಟು. ಅದು ಅತಿಯಾಯಿತು. ಇದರ ಬೇರುಗಳು ಮೇಲುಮೇಲಿನವು, ತೆಳುವಾದವು. ಎರಡು ತಿಂಗಳು ಹನಿಯಿಲ್ಲದಿದ್ದರೆ ಅವು ಒಣಗಿಹೋಗಿ ಗಿಡ ಏಳುವಾಗ ಬಹಳ ಕಷ್ಟಪಡುತ್ತದೆ. ಎಂಟು ಅಂಗುಲದ ಮಣ್ಣಿನ ಕುಂಡವಾದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ಕಾಫಿ ಲೋಟದಷ್ಟು ನೀರನ್ನು, ಸಂಜೆ ಹೊತ್ತು, ಕುಂಡದ ಅಂಚಿನ ಸುತ್ತ ಎರೆದರೆ ಸಾಕು. ಎಲೆಗಳ ನಡುವೆ ನೀರು ನಿಲ್ಲಬಾರದು.

ಜೂನ್ ತಿಂಗಳಲ್ಲಿ ಮೋಡ ಕವಿದ ಮೇಲೆ ಕುಂಡ ಸೂರಿನಡಿ ಸೇರಬೇಕು. ಇರಚಲೂ ತಾಗದಿದ್ದರೆ ಉತ್ತಮ. ಕುಂಡದ ಕೆಳಗಿನ ತಟ್ಟೆಯನ್ನು ತೆಗೆದುಬಿಡಬೇಕು. ಒಳಗಿನ ಎಳೆಯೆಲೆಗಳು ಸುಕ್ಕುಗಟ್ಟಿ ಮೆತ್ತಗಾದರೆ ಮಾತ್ರ ಅದೇ ಕಾಫಿ ಲೋಟದ ಪ್ರಮಾಣ. ಇಲ್ಲವಾದರೆ ಏನೂ ಬೇಡ.

ಮಲಗಿದ ಗಿಡಕ್ಕೂ ಸತ್ತ ಗಿಡಕ್ಕೂ ಇರುವ ವ್ಯತ್ಯಾಸವನ್ನು ಬೆರಳೇ ಹೇಳುತ್ತದೆ. ಉದುರಿದ ಎಲೆ ಒಣಗಿ ಕಾಗದದಂತಿದ್ದರೆ ಚಿಂತೆಯಿಲ್ಲ. ಗಾಜಿನಂತೆ ಪಾರದರ್ಶಕವಾಗಿ, ಹಿಸುಕಿದರೆ ನೀರೊಡೆದರೆ ಎಚ್ಚರವಹಿಸಬೇಕು. ಕಾಂಡವನ್ನು ಮಣ್ಣಿಗೆ ಹತ್ತಿರದಲ್ಲಿ ಮೆಲ್ಲನೆ ಒತ್ತಬೇಕು. ಗಟ್ಟಿಯಾಗಿದ್ದರೆ ನಿದ್ರೆ, ಬೆರಳು ಒಳಕ್ಕಿಳಿದರೆ, ಕಪ್ಪಾಗಿದ್ದರೆ, ವಾಸನೆಯಿದ್ದರೆ ಕೊಳೆ. ನಡುವಿನ ಕುಡಿ ಬಿಗಿಯಾಗಿರುವವರೆಗೆ ಆಸೆಯುಂಟು. ಕಾಂಡದ ನಡುವಿನಿಂದ ಬಿಳಿಯ ಬೇರುಗಳು ಗಡ್ಡದಂತೆ ಇಳಿಬಿದ್ದರೆ ಗಾಬರಿಪಡುವವರುಂಟು. ಅದು ಈ ಗಿಡದ ಸಹಜ ಅಭ್ಯಾಸ. ನೆರಳಿಗೆ ಬಂದ ಮೇಲೆ ಕಪ್ಪು ಜಾತಿಯ ಎಲೆಗಳು ಹಸುರಿಗೆ ತಿರುಗುವುದೂ ರೋಗವಲ್ಲ. ಮಗನು ಕೊಟ್ಟುಹೋದದ್ದು ಈ ಕಪ್ಪು ಬಗೆಯದೇ. ಅದರ ಹೆಸರು ಜ್ವಾರ್ಟ್‌ಕಾಪ್, ಡಚ್ ಭಾಷೆಯಲ್ಲಿ ಕರಿತಲೆ ಎಂದರ್ಥ. ಆದರೆ ಮುಚ್ಚಿದ ಎಲೆಗಳ ಸಂದಿಯಲ್ಲಿ ಹತ್ತಿಯಂತೆ ಬೆಳ್ಳಗೆ ಕಂಡರೆ ಅದು ಹಿಟ್ಟುತಿಗಣೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಿ ತೆಗೆಯಬೇಕು.

ಕೊಳೆ ಕಂಡಾಗ ಮಾತ್ರ ನಿದ್ರಾಭಂಗದ ಭಯವನ್ನು ಬಿಟ್ಟು ಚೂರಿ ಹಿಡಿಯಬೇಕಾಗುತ್ತದೆ. ಒಗೆಯುವ ಕಲ್ಲಿನ ಹಿಂದಿದ್ದ ಕುಂಡಕ್ಕೂ ಇದೇ ಆಯಿತು. ವರಮಹಾಲಕ್ಷ್ಮಿ ಹಬ್ಬದ ಸಂಜೆ ಅರಿಸಿನ ಕುಂಕುಮಕ್ಕೆ ಬಂದ ಎದುರುಮನೆಯಾಕೆ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವರು, ಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಆ ಕುಂಡವನ್ನು ಕಂಡರು. ಬಗ್ಗಿ ಕಾಂಡವನ್ನು ಒತ್ತಿ ನೋಡಿದರು. ಎರಡು ಕವಲು ಬೆರಳಿಗೆ ಅಂಬಲಿಯಂತೆ ಕುಸಿದವು. ಮೂರನೆಯದು ಮೇಲಿನ ಗೇಣುದ್ದ ಗಟ್ಟಿಯಾಗಿತ್ತು. ಆಗಲೇ ಕತ್ತರಿಸಬೇಕೆಂದರೆ ಮನೆಯಾಕೆ ಒಪ್ಪಲಿಲ್ಲ. ಶುಕ್ರವಾರ, ಅದರಲ್ಲಿಯೂ ಹಬ್ಬ, ಹಸಿಗಿಡಕ್ಕೆ ಕತ್ತಿ ಮುಟ್ಟಿಸುವುದುಂಟೆ! ಮರುದಿನ ಬೆಳಗ್ಗೆ ಹಣ್ಣು ಹೆಚ್ಚುವ ಚೂರಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಕೊಳೆಗಿಂತ ಮೇಲೆ ಕತ್ತರಿಸಿದರು. ಕತ್ತರಿಸಿದ ಮೈಯಲ್ಲಿ ಕಂದು ಚುಕ್ಕೆ ಕಂಡಿತು. ಮತ್ತೆ ಅರ್ಧ ಅಂಗುಲ ಮೇಲೆ. ಮತ್ತೂ ಅರ್ಧ ಅಂಗುಲ. ಕೊನೆಗೆ ತಿಳಿಹಸುರಿನ ಶುದ್ಧ ತಿರುಳು ಕಂಡಾಗ ಕೈಯಲ್ಲಿ ಉಳಿದದ್ದು ನಾಲ್ಕಂಗುಲದ ಕಡ್ಡಿ, ತುದಿಯಲ್ಲಿ ಅಡಿಕೆಯಷ್ಟು ಗಾತ್ರದ ಕುಡಿ. ಅದನ್ನು ಒಂದು ವಾರ ನೆರಳಿನಲ್ಲಿ, ಅಡಿಗೆಮನೆಯ ಕಿಟಕಿಯ ಪಕ್ಕದಲ್ಲಿ, ಬರಿದೆ ಒಣಗಲು ಇಟ್ಟರು. ಗಾಯ ಮಾಗಿ ಒಣಗದೆ ನೆಟ್ಟರೆ ಮತ್ತೆ ಕೊಳೆಯೇ.

ನೆಡುವ ಮಣ್ಣಿನ ವಿಚಾರ ದೊಡ್ಡದಲ್ಲ. ಒಂದು ಪಾಲು ಕೆಂಪುಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಎರಡು ಪಾಲು ಇಟ್ಟಿಗೆಯ ಚೂರು ಅಥವಾ ದಪ್ಪ ಮರಳು. ಎರೆದ ನೀರು ಎಣಿಸುವಷ್ಟರಲ್ಲಿ ಕೆಳಗಿನ ರಂಧ್ರದಿಂದ ಇಳಿದುಹೋಗಬೇಕು. ಎಲೆಯೊಂದನ್ನು ಕಿತ್ತು ನೆಟ್ಟು ಹೊಸ ಗಿಡ ಮಾಡುವೆನೆಂಬ ಆಸೆ ಬೇಡ. ಇಯೋನಿಯಂನಲ್ಲಿ ಅದು ಫಲಿಸುವುದು ಅಪರೂಪ, ಕವಲನ್ನೇ ನೆಡಬೇಕು. ಕೊಳೆಯ ಆಪತ್ತಿಲ್ಲದಿದ್ದರೆ ಅದಕ್ಕೆ ತಕ್ಕ ಕಾಲ ದೀಪಾವಳಿಯ ಅನಂತರ.

ಎಲೆ ಕಿತ್ತು ನೆಟ್ಟರೆ ಚಿಗುರುವುದು ಎಚೆವೇರಿಯಾ. ನೋಟಕ್ಕೆ ಇದೂ ಎಲೆಗಳ ತಾವರೆಯೇ. ಅಂಗಡಿಗಳಲ್ಲಿ ಎರಡನ್ನೂ ಒಂದೇ ಹಲಗೆಯ ಮೇಲೆ ಜೋಡಿಸಿರುತ್ತಾರೆ. ಆದರೆ ಎಚೆವೇರಿಯಾ ಬಹುಮಟ್ಟಿಗೆ ಮೆಕ್ಸಿಕೋ ದೇಶದ್ದು, ಬೆಚ್ಚನೆಯ ಕಾಲದಲ್ಲಿಯೂ ಬೆಳೆಯುವಂಥದು. ಅದರ ಎಲೆ ದಪ್ಪ, ಮೇಣ ಸವರಿದಂತೆ. ಗಿಡ ಸಾಮಾನ್ಯವಾಗಿ ನೆಲಕ್ಕೆ ಅಂಟಿಕೊಂಡಿರುತ್ತದೆ. ಇಯೋನಿಯಂನ ಎಲೆ ತೆಳು, ಅಂಚಿನಲ್ಲಿ ಹಲವು ಜಾತಿಗಳಿಗೆ ಸೂಕ್ಷ್ಮವಾದ ರೋಮ. ಕಾಂಡ ಮರದಂತಾಗಿ ಉದುರಿದ ಎಲೆಗಳ ಗುರುತು ಹೊತ್ತಿರುತ್ತದೆ. ಒಂದಕ್ಕೆ ಹೇಳಿದ ಉಪಚಾರವನ್ನು ಇನ್ನೊಂದಕ್ಕೆ ಮಾಡಿ ಎರಡನ್ನೂ ಕಳೆದುಕೊಂಡವರುಂಟು.

ಏಳುವ ಕಾಲವನ್ನು ತಿಳಿಯಲು ಪಂಚಾಂಗ ಸಾಕು. ಆಷಾಢದ ಏಕಾದಶಿಯಂದು ಮಲಗಿದ ಮಹಾವಿಷ್ಣು ಕಾರ್ತಿಕದಲ್ಲಿ ಏಳುತ್ತಾನೆಂಬುದು ಮನೆಮನೆಯ ನಂಬಿಕೆ. ಈ ಗಿಡ ಅವನಿಗಿಂತ ಮೂರು ತಿಂಗಳು ಮೊದಲೇ ಮಲಗಿದರೂ ಏಳುವುದು ಬಹುಮಟ್ಟಿಗೆ ಅವನೊಡನೆಯೇ. ಮಳೆ ಹಿಂದೆಗೆದು ರಾತ್ರಿಗಳು ತಣ್ಣಗಾದೊಡನೆ ನಡುವಿನ ಕುಡಿ ಸಡಿಲವಾಗಿ ಹೊಸ ಎಲೆಯ ತುದಿ ಕಾಣಿಸಿಕೊಳ್ಳುತ್ತದೆ. ಆಗ ನೀರು ಕೊಡಬೇಕು, ಮೇಲಿನ ಒಂದಂಗುಲ ಮಣ್ಣು ಒಣಗಿದಾಗಲೆಲ್ಲ, ಧಾರಾಳವಾಗಿ. ದಿನಕ್ಕೆ ನಾಲ್ಕೈದು ಗಂಟೆಯ ಬಿಸಿಲು, ತಿಂಗಳಿಗೊಮ್ಮೆ ತೆಳುವಾದ ಗೊಬ್ಬರ. ಮಾಘದ ಹೊತ್ತಿಗೆ ಕರಿತಲೆಯ ಕಪ್ಪು ಮರಳುತ್ತದೆ. ಕೆಲವು ವರ್ಷ ಕಳೆದ ಗಿಡ ನಡುವಿನಿಂದ ಹಳದಿ ಹೂವಿನ ಗೋಪುರವನ್ನೆತ್ತಿದರೆ ಮನೆಯವರು ಸಂತೋಷಪಡುವುದರೊಡನೆ ಸಿದ್ಧರಾಗಿಯೂ ಇರಬೇಕು: ಹೂವಾದ ತಲೆ ಉಳಿಯದು. ಕವಲುಗಳುಳ್ಳ ಜಾತಿಯಾದರೆ ಉಳಿದ ಕವಲುಗಳು ಬದುಕುತ್ತವೆ. ಪ್ರಪಾತಕ್ಕೆ ತಟ್ಟೆಯಂತೆ ಅಂಟಿ ಬೆಳೆಯುವ ಒಂಟಿತಲೆಯ 'ಟ್ಯಾಬುಲಿಫಾರ್ಮೆ'ಯಂಥದಾದರೆ ಇಡೀ ಗಿಡವೇ ಹೋಗುತ್ತದೆ. ಅದಕ್ಕೆ ಯಾರ ನೀರೂ ಕಾರಣವಲ್ಲ.

ಆ ಮನೆಯಲ್ಲಿ ಉತ್ಥಾನ ದ್ವಾದಶಿಯಂದು ತುಳಸಿಕಟ್ಟೆಗೆ ಕೆಮ್ಮಣ್ಣು ಸಾರಿಸಿ, ನೆಲ್ಲಿಯ ಟೊಂಗೆ ಕಟ್ಟಿ, ದೀಪ ಹಚ್ಚುವಾಗ ಪಕ್ಕದ ಸಣ್ಣ ಕುಂಡದಲ್ಲಿ ನಾಲ್ಕಂಗುಲದ ಕಡ್ಡಿ ಬೇರೂರಿ ನಿಂತಿತ್ತು. ತುದಿಯಲ್ಲಿ ಐದಾರು ಹಸುರೆಲೆಗಳು ಬಿಚ್ಚಿದ್ದವು. ನಡುವಿನೊಂದಕ್ಕೆ ಅಂಚಿನಲ್ಲಿ ನೇರಳೆ ಗೆರೆ. ಭಾನುವಾರ ಮಗನು ಪರದೆಯ ಮೇಲೆ ಬಂದಾಗ ಆಕೆ ಮೊದಲು ಅದನ್ನೇ ಹಿಡಿದು ತೋರಿಸಿದರು.

"ಇದು ಹೊಸ ಗಿಡವೇನಮ್ಮ?"

"ಅಲ್ಲ, ನಿನ್ನದೇ. ನೀರು ಜಾಸ್ತಿ ಹಾಕಬೇಡ ಅಂದೆಯಲ್ಲ, ಜಾಸ್ತಿ ಅಂದರೆ ಎಷ್ಟು ಅಂತ ಅವತ್ತೇ ಹೇಳಬಾರದಿತ್ತೆ?" ಎಂದರು ತಾಯಿ. ಆ ಬಳಿಕ ಎರಡು ಕವಲುಗಳ ಸಮಾಚಾರವನ್ನೂ ಹೇಳಿದರು.